ಪೊರಕೆ ವ್ಯಾನಿನ ಹಿಂದೆ ಒಬ್ಬರು

ವಾರದ ದಿನಗಳಲ್ಲಿ ಆ ವ್ಯಾನು ಬಟ್ಟೆ ಹೊರುತ್ತದೆ. ಆಸ್ಪತ್ರೆಯ ಹಾಸಿಗೆಯ ಹೊದಿಕೆ, ಹೋಟೆಲುಗಳ ಟವೆಲು, ಕ್ಷೌರದಂಗಡಿಯವರು ಗಿರಾಕಿಗಳ ಕೊರಳಿಗೆ ಕಟ್ಟುವ ಬಿಳಿ ವಸ್ತ್ರ: ಕೊಳೆಯಾದದ್ದನ್ನು ಬೆಳಿಗ್ಗೆ ತಂದು ಲಾಂಡ್ರಿಯ ಹಿಂಬಾಗಿಲಲ್ಲಿ ಇಳಿಸುವುದು, ಒಗೆದು ಮಡಿಸಿದ್ದನ್ನು ಮಧ್ಯಾಹ್ನ ಮುಂಬಾಗಿಲಿನಿಂದ ಏರಿಸುವುದು. ಎರಡೂ ಬಾಗಿಲುಗಳ ನಡುವೆ ಹಬೆ ತುಂಬಿದ ಉದ್ದನೆಯ ಕೋಣೆಯಿದೆ. ಅಲ್ಲಿ ಕೆಲಸ ಮಾಡುವವರ ಮುಖ ಚಳಿಗಾಲದಲ್ಲೂ ಕೆಂಪಗಿರುತ್ತದೆ. ವರ್ಷಕ್ಕೊಂದು ಭಾನುವಾರ ಮಾತ್ರ ಈ ವ್ಯಾನಿನ ಬಂಪರಿಗೆ ಉದ್ದ ಹಿಡಿಯ ಪೊರಕೆಯೊಂದನ್ನು ನೆಟ್ಟಗೆ ನಿಲ್ಲಿಸಿ ತಂತಿಯಿಂದ ಬಿಗಿಯುತ್ತಾರೆ. ಅಂದು ಅದು ಸೈಕಲ್ ತುಳಿದು ಸೋತವರನ್ನು ಹೊರುತ್ತದೆ.

ಓಡಿಸುವವಳು ಎರಡು ಬಗೆಯ ದಿನಗಳಲ್ಲೂ ಒಬ್ಬಳೇ. ಲಾಂಡ್ರಿಯಲ್ಲಿ ಆಕೆಯನ್ನು ಡ್ರೈವರಮ್ಮ ಎನ್ನುತ್ತಾರೆ, ಮನೆಯಲ್ಲಿ ಅಕ್ಕ ಪುಟ್ಟಿ ಎನ್ನುತ್ತಾಳೆ. ಆ ಒಂದು ಭಾನುವಾರ ಆಕೆ ಪೊರಕೆ ಮೇಡಂ. ಈ ಹೆಸರಿಗೆ ಮೊದಲ ವರ್ಷ ಮುಖ ಸಿಂಡರಿಸಿಕೊಂಡಿದ್ದಳು. ಆಮೇಲೆ ಅದು ಚಪ್ಪಲಿಯ ಹಾಗೆ ಕಾಲಿಗೆ ಹೊಂದಿಕೊಂಡಿತು.

ಸವಾರಿ ಒಂದೇ ದಿನದ್ದು. ಬೆಳಕು ಹರಿಯುವಾಗ ಪಟ್ಟಣದ ಚೌಕದಿಂದ ಹೊರಟು, ಮೂರು ಘಟ್ಟಗಳನ್ನು ಹತ್ತಿಳಿದು, ಸಂಜೆಗೆ ಆಚೆಯ ಊರು ಸೇರುವುದು. ಸವಾರರು ಘಟ್ಟಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದಾರೆ. ಮೊದಲನೆಯದು ಮಾವ, ನೋಡಲು ಗಂಭೀರ, ಒಮ್ಮೆ ಮಾತಿಗೆ ಸಿಕ್ಕರೆ ಮೆತ್ತಗೆ. ಎರಡನೆಯದು ಅತ್ತೆ; ಎಲ್ಲಿಯೂ ಕಡಿದಾಗಿಲ್ಲ, ಆದರೆ ಮುಗಿಯುವುದೂ ಇಲ್ಲ. ಮೂರನೆಯದು ಅಜ್ಜ. ಅದರ ನೆತ್ತಿಯ ಮೇಲೆ ಬೇಸಿಗೆಯಲ್ಲೂ ಹಿಮ ಕರಗದು, ರಸ್ತೆ ಬಂಡೆಗೆ ಸುತ್ತಿದ ಹಗ್ಗದಂತೆ ತಿರುವಿನ ಮೇಲೆ ತಿರುವಾಗಿ ಏರುತ್ತದೆ, ಗಾಳಿ ತೆಳುವಾಗುತ್ತ ಹೋಗುತ್ತದೆ. ಆ ದಿನ ಘಟ್ಟಗಳ ಬುಡದಲ್ಲಿ ಗೇಟು ಹಾಕಿ ವಾಹನಗಳನ್ನು ತಡೆದಿರುತ್ತಾರೆ. ಲಾರಿಗಳವರು ಬೆಳಗಿನಿಂದ ಕಾದು, ಬೈದು, ಕೊನೆಗೆ ಸೀಟಿನಲ್ಲೇ ಮಲಗುತ್ತಾರೆ. ಪೊರಕೆ ವ್ಯಾನು ಹಿಂದುಳಿದವರನ್ನು ಗುಡಿಸಿಕೊಂಡು ಎಲ್ಲರ ಕೊನೆಯಲ್ಲಿ ಬರುತ್ತದೆ. ಆಯಾ ಘಟ್ಟಕ್ಕೆ ಗೊತ್ತುಮಾಡಿದ ವೇಳೆಗೆ ಅದು ಹೊರಡಬೇಕು, ಅದಕ್ಕೆ ಸಿಕ್ಕಿದ ಸವಾರ ಸೈಕಲ್ ಒಪ್ಪಿಸಿ ಒಳಗೆ ಕೂರಬೇಕು. ಒಂದೊಂದು ನೆತ್ತಿಯನ್ನು ತಲುಪಿದಾಗಲೂ ಆಕೆ ವೈರ್‌ಲೆಸ್‌ನಲ್ಲಿ "ದಾರಿ ಖಾಲಿ" ಎಂದು ಹೇಳುತ್ತಾಳೆ. ಆ ಎರಡು ಪದ ಕೇಳಿದ ಮೇಲೆಯೇ ಬುಡದ ಗೇಟು ಏಳುವುದು. ಹೀಗಾಗಿ ಆಕೆಯ ಕೆಲಸದ ಸಾರವೆಲ್ಲ ಒಂದೇ: ವ್ಯಾನಿನ ಹಿಂದೆ ಯಾರೂ ಉಳಿದಿರಬಾರದು. ಈಗ ಹೇಳಹೊರಟ ಸವಾರಿಯವರೆಗೆ ಉಳಿದಿರಲೂ ಇಲ್ಲ.

ಆಕೆ ಲಾಂಡ್ರಿಗೆ ಸೇರಿದ್ದು ಇಸ್ತ್ರಿ ವಿಭಾಗಕ್ಕೆ. ಕಾದ ಉರುಳೆಯ ಬಾಯಿಗೆ ಹೊದಿಕೆಯ ಎರಡು ತುದಿ ಹಿಡಿದು ಕೊಡುವ ಕೆಲಸ. ಜೊತೆಗಾತಿ ಒಂದು ತುದಿ, ಈಕೆ ಒಂದು ತುದಿ. ಆಕೆ ಕೆಲವು ವರ್ಷ ಆ ಬಿಸಿಯಲ್ಲಿ ಬೆಂದ ಮೇಲೆ, ವ್ಯಾನಿನ ಹಳೆಯ ಡ್ರೈವರನಿಗೆ ಕಣ್ಣಿನ ಪೊರೆ ಬಂತು. ಮಾಲೀಕರು "ಯಾರಿಗಾದ್ರೂ ಗಾಡಿ ಬರುತ್ತೇನ್ರೀ?" ಎಂದು ಹಬೆಯೊಳಗೆ ಕೂಗಿದಾಗ ಆಕೆ ಕೈ ಎತ್ತಿದಳು. ಆಕೆಗೆ ಆಗ ಬರುತ್ತಿರಲಿಲ್ಲ. ಮೂರು ವಾರ ರಜೆ ಬೇಕೆಂದು ಕೇಳಿ ಕಲಿತು ಬಂದಳು. ಮಾಲೀಕರು ಇದನ್ನು ಇಂದಿಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಆಕೆ ಮದುವೆಯಾಗಲಿಲ್ಲ. ಅಕ್ಕನ ಮನೆಯ ಮಹಡಿಯ ಮೇಲೆ, ಬೀದಿಗೆ ಕಿಟಕಿಯಿರುವ ಕೋಣೆಯಲ್ಲಿ ಇರುತ್ತಾಳೆ; ಊಟ ಕೆಳಗೆ.

ಸವಾರಿಯ ಮೊದಲ ವರ್ಷ ಆಕೆ ವಾಡಿಕೆಯಂತೆ ಕೊನೆಯ ಸವಾರನ ಬೆನ್ನಿಗೇ ವ್ಯಾನು ಓಡಿಸಿದ್ದಳು. ಅಜ್ಜನ ಏರಿನಲ್ಲಿ ಒಬ್ಬ ಶಾಲಾ ಮಾಸ್ತರರು ಮುಂದೆ ತುಳಿಯುತ್ತಿದ್ದರು. ಮೊದಲನೇ ಗೇರಿನಲ್ಲಿ ಇಂಜಿನ್ನು ಗೊರಗೊರ ಎನ್ನುತ್ತ ಅವರ ಹಿಂಬದಿಯನ್ನೇ ಮೂಸಿಕೊಂಡು ಹೋದ ಹಾಗಿತ್ತು. ಮಾಸ್ತರರು ಇದ್ದಕ್ಕಿದ್ದಂತೆ ಇಳಿದರು. ವ್ಯಾನಿನೊಳಗೆ ಬಂದು ಕೂತು, ಬಹಳ ಹೊತ್ತಿನ ನಂತರ, "ಕಾಲಿನಲ್ಲಿ ಇನ್ನೂ ಇತ್ತಮ್ಮ. ಆ ಸದ್ದು ಕಿವಿಯೊಳಗೆ ಕೂತು ಸಾಕು ಸಾಕು ಅಂತಿತ್ತು" ಎಂದರು. ಆಕೆ ಮರುವರ್ಷದಿಂದ ತನ್ನದೇ ಕ್ರಮ ಮಾಡಿಕೊಂಡಳು. ಏರಿನಲ್ಲಿ ಗಾಡಿ ನಿಲ್ಲಿಸಲು ಅನುಕೂಲವಾದ ಜಾಗಗಳನ್ನು ಗುರುತಿಟ್ಟುಕೊಂಡು, ಅಲ್ಲಿ ಇಂಜಿನ್ನು ಆರಿಸಿ ಕಾಯುವುದು. ಕೊನೆಯ ಸವಾರ ಎರಡು ಮೂರು ತಿರುವು ಮೇಲೆ ಹೋದ ಮೇಲೆ ಒಂದೇ ಓಟಕ್ಕೆ ಮುಂದಿನ ತಂಗುವ ಜಾಗಕ್ಕೆ ಹೋಗಿ ಮತ್ತೆ ಆರಿಸುವುದು. ಸೋಲುವವರು ಸೋಲುತ್ತಿದ್ದರು, ಆದರೆ ತಮ್ಮ ಕಾಲಿನ ಮಾತು ಕೇಳಿ ಸೋಲುತ್ತಿದ್ದರು. ಒಳಗೆ ಬಂದು ಕೂತವರಿಗೆ ಹೀಟರಿನ ಬಾಯಲ್ಲಿ ಬಿಸಿಯಾಗಿಟ್ಟ ಲಾಂಡ್ರಿಯ ಟವೆಲು ಕೊಟ್ಟು, ಎರಡು ತಿರುವು ದಾಟುವವರೆಗೆ ಆಕೆ ಮಾತಾಡಿಸುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಕೇಳಿದವರು ಭಾವ, ಅಕ್ಕನ ಗಂಡ.

ಅವರು ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಗಾಜು ಉಜ್ಜುವವರು. ಒಂದು ಕಣ್ಣು ಮುಚ್ಚಿ, ತಿರುಗುವ ಕಲ್ಲಿಗೆ ಗಾಜಿನ ಅಂಚನ್ನು ತಾಗಿಸಿ, ಚೌಕಟ್ಟಿಗೆ ಕೂರುವಷ್ಟು ಸವೆಸುವುದು. ದಿನವಿಡೀ ಕೂತು ಮಾಡುವ ಕೆಲಸವಾದ್ದರಿಂದ ಐವತ್ತು ದಾಟಿದ ಮೇಲೆ ಸೊಂಟಕ್ಕೆಂದು ಸೈಕಲ್ ಹಿಡಿದರು. ಸೊಂಟ ಸರಿಯಾಯಿತು, ಹುಚ್ಚು ಉಳಿಯಿತು. ಮೊದಲ ಸಲ ಮೂರು ಘಟ್ಟಕ್ಕೆ ಹೊರಟವರು ಅತ್ತೆಯನ್ನು ದಾಟಲಾಗದೆ ನಾದಿನಿಯ ವ್ಯಾನು ಹತ್ತಿದರು. ಮರುವರ್ಷ ಅಜ್ಜನ ಬುಡದಲ್ಲಿ ಹತ್ತಿದರು. ಬೀದಿಯ ಬಾಯಿಗೆ ಇಷ್ಟು ಸಾಕಾಗಿತ್ತು. ಕ್ಷೌರದಂಗಡಿಯಲ್ಲಿ, "ಏನ್ ಸಾರ್, ಈ ವರ್ಷನೂ ನಾದಿನಿ ಮೆರವಣಿಗೆ ಮಾಡಿಸ್ತಾರಾ?" ಎಂದು ಕೇಳುವವರು, ಕನ್ನಡಕದಂಗಡಿಯಲ್ಲಿ, "ಮನೆ ಗಾಡಿ ಇರೋವಾಗ ಯಾಕೆ ತುಳೀತೀರಿ?" ಎನ್ನುವವರು. ಅಕ್ಕನೂ ಬಿಡುತ್ತಿರಲಿಲ್ಲ. "ಒಗೆಯೋ ಬಟ್ಟೆ ಜೊತೆ ಬಂದವರು, ಮೊದಲು ಕೈಕಾಲು ತೊಳ್ಕೊಳ್ಳಿ" ಎಂದು ಬಾಗಿಲಲ್ಲೇ ನಿಲ್ಲಿಸಿದ್ದಳು. ಭಾವ ನಗೆಯಲ್ಲಿ ಸೇರಿಕೊಳ್ಳುತ್ತಿದ್ದರು. ಗಾಜಿನ ಅಂಚು ಸವೆಸುವಾಗಿನ ಹಾಗೆ ಒಂದು ಕಣ್ಣು ಮಾತ್ರ ಸಣ್ಣಗಾಗುತ್ತಿತ್ತು.

ಮೂರನೇ ವರ್ಷ ಸವಾರಿಗೆ ಒಂದು ವಾರವಿರುವಾಗ ಊಟಕ್ಕೆ ಕೂತಿದ್ದಾಗ ಅವರು ಕೇಳಿದರು: "ಅಲ್ಲ ಪುಟ್ಟಿ, ನೀನು ಅಷ್ಟು ದೊಡ್ಡ ವ್ಯಾನು ಇಟ್ಕೊಂಡು ಸದ್ದೇ ಮಾಡದ ಹಾಗೆ ಬರ್ತೀಯಲ್ಲ, ಹೇಗೆ?"

ಆಕೆ ತಲೆಯೆತ್ತಿ ನೋಡಿದಳು. "ನಿಮಗೆ ಗೊತ್ತಾಯ್ತಾ ಅದು?"

"ಎರಡು ಸಲ ಸಿಕ್ಕಿಹಾಕ್ಕೊಂಡವನಿಗೆ ಗೊತ್ತಾಗಲ್ವಾ? ಹಿಂದೆ ಏನೂ ಇಲ್ಲ ಅನ್ಕೊಂಡಿರ್ತೀನಿ, ತಿರುಗಿದ್ರೆ ಪೊರಕೆ."

ಆಕೆ ಹೇಳಿದಳು. ಅಜ್ಜನ ಏರಿನಲ್ಲಿ ಮೊದಲು ಸೇತುವೆ, ಆಮೇಲೆ ನೀರಿನ ತೊಟ್ಟಿಯ ತಿರುವು, ಆಮೇಲೆ ಹಿಮದ ಕಾಲದಲ್ಲಿ ರಸ್ತೆಗೆ ಎರಚುವ ಮರಳನ್ನು ತುಂಬಿಡುವ ತಗಡಿನ ಶೆಡ್ಡಿಗಿಂತ ಒಂದು ತಿರುವು ಕೆಳಗೆ. ಶೆಡ್ಡಿನ ಹತ್ತಿರ ಯಾಕೆ ನಿಲ್ಲುವುದಿಲ್ಲ ಎಂದರೆ ಅಲ್ಲಿ ರಸ್ತೆ ವಾಲಿದೆ, ಬ್ರೇಕು ಹಿಡಿಯದು. ಅಲ್ಲಿಂದ ಒಂದೇ ಓಟಕ್ಕೆ ಮೇಲಿನ ಕಲ್ಲುಗೋಡೆ. ಉಪ್ಪಿನ ಡಬ್ಬಿ ಸೇತುವೆಯಾಯಿತು, ಚಮಚ ರಸ್ತೆಯಾಯಿತು. ಆಕೆ ಮನೆಯಲ್ಲಿ ತನ್ನ ಕೆಲಸದ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಅಕ್ಕ, "ಅನ್ನ ಆರ್ತಿದೆ, ನಿಮ್ಮ ಘಟ್ಟ ಆಮೇಲೆ ಹತ್ತಿ" ಎಂದಾಗಲೂ ನಿಲ್ಲಿಸಲಿಲ್ಲ. ಭಾವ ಕೈ ತೊಳೆಯದೆ ಕೂತು ಕೇಳಿದರು.

ಸವಾರಿಯ ದಿನ ಮಾವನ ಮೇಲೆ ಯಾರೂ ಸಿಗಲಿಲ್ಲ. ಅತ್ತೆಯ ನಡುಮಧ್ಯದಲ್ಲಿ ಒಬ್ಬ ಬ್ಯಾಂಕ್ ಗುಮಾಸ್ತ ಸಿಕ್ಕಿದ. ಮೀನಖಂಡ ಹಿಡಿದುಕೊಂಡು ರಸ್ತೆಯ ಬದಿಯಲ್ಲಿ ಅಂಗಾತ ಮಲಗಿ, ಆಕಾಶಕ್ಕೆ ಏನೋ ವರದಿ ಒಪ್ಪಿಸುತ್ತಿದ್ದ. ವ್ಯಾನು ಹತ್ತಿದವನಿಗೆ ಎರಡು ತಿರುವಿನ ಮೌನದ ಅಗತ್ಯವೇ ಇರಲಿಲ್ಲ.

"ಮೇಡಂ, ನಾನು ಸೋತಿಲ್ಲ. ಕಾಲು ಸೋತಿದೆ. ನಾವಿಬ್ಬರೂ ಬೇರೆ ಬೇರೆ."

"ಕಾಲು ನೀಡಿ ಕೂತ್ಕೊಳ್ಳಿ."

"ನನ್ನ ಹೆಂಡ್ತಿಗೆ ಹೇಳ್ಬೇಡಿ, ಅವಳು ಆಚೆ ಊರಲ್ಲಿ ಕ್ಯಾಮೆರಾ ಹಿಡ್ಕೊಂಡು ನಿಂತಿರ್ತಾಳೆ."

"ನಾನು ಹೇಳಲ್ಲ. ವ್ಯಾನು ಹೇಳುತ್ತೆ."

ಅಜ್ಜನ ಬುಡದ ಸೇತುವೆಯಲ್ಲಿ ಆಕೆ ಇಂಜಿನ್ನು ಆರಿಸಿದಾಗ ಮುಂದೆ ಇದ್ದ ಕೊನೆಯವರು ಹಳದಿ ಅಂಗಿಯ ಭಾವ. ತುಳಿತ ನಿಧಾನವಾಗಿತ್ತು, ಆದರೆ ಒಂದೇ ಸಮನಾಗಿತ್ತು. ಹಿಂದಿನ ವರ್ಷ ಸೋತ ಜಾಗವನ್ನು ಅವರು ಕತ್ತು ತಿರುಗಿಸದೆ ದಾಟಿದರು. ಆಕೆ ನೀರಿನ ತೊಟ್ಟಿಯ ತಿರುವಿಗೆ ಬಂದು ಕಾದಳು, ಆಮೇಲೆ ಶೆಡ್ಡಿನ ಕೆಳಗಿನ ತಿರುವಿಗೆ ಬಂದು ಕಾದಳು. ಮೇಲಿನಿಂದ ಮಂಜು ಇಳಿಯತೊಡಗಿತ್ತು. ಹಳದಿ ಅಂಗಿ ಒಮ್ಮೆ ಶೆಡ್ಡಿನ ತಗಡಿನ ಮುಂದೆ ಕಂಡಿತು, ಆಮೇಲೆ ಕಾಣಲಿಲ್ಲ.

ಹೊರಡುವ ವೇಳೆಯಾಗಿತ್ತು. ನಿಯಮದ ಪ್ರಕಾರ ಇನ್ನು ಕಾಯುವಂತಿಲ್ಲ, ಮುಂದಿನ ಓಟದಲ್ಲಿ ಭಾವ ಸಿಕ್ಕೇ ಸಿಗುತ್ತಾರೆಂಬುದು ಆಕೆಗೆ ಗೊತ್ತಿತ್ತು. ಮೂರನೇ ಸಲ ಅವರ ಕೈಗೆ ಟವೆಲು ಕೊಡಬೇಕಾದೀತೆಂದು ಅದನ್ನು ಹೀಟರಿನ ಹತ್ತಿರಕ್ಕೆ ಸರಿಸಿ ಗಾಡಿ ಎತ್ತಿದಳು. ಶೆಡ್ಡು ದಾಟುವಾಗ ರಸ್ತೆಯಿಂದ ಅದರ ಹಿಂಬದಿಗೆ ಒದ್ದೆ ಮರಳಿನಲ್ಲಿ ಒಂದು ತೆಳುವಾದ ಗೆರೆ ಹೋಗಿತ್ತು. ರಸ್ತೆ ಕೆಲಸದವರ ಒಂಟಿ ಚಕ್ರದ ಕೈಗಾಡಿಯದಿರಬೇಕು ಎಂದುಕೊಂಡಳು. ಮುಂದಿನ ತಿರುವಿನಲ್ಲಿ ಯಾರೂ ಇರಲಿಲ್ಲ. ಅದರ ಮುಂದಿನದರಲ್ಲೂ ಇರಲಿಲ್ಲ. ಕಲ್ಲುಗೋಡೆಯ ಹತ್ತಿರ ನಿಂತು ಮಂಜಿನಲ್ಲಿ ಕಣ್ಣು ಕಿರಿದಾಗಿಸಿ ನೋಡಿದಳು.

"ನಿಮ್ಮ ಭಾವ ಹಾರಿಹೋದ್ರು ಮೇಡಂ" ಎಂದ ಗುಮಾಸ್ತ.

"ಕೊನೆಗೆ ಕಾಲು ಬಂತು ಅವರಿಗೆ" ಎಂದಳು ಆಕೆ. ಆಕೆಗೆ ನಿಜವಾಗಿಯೂ ಸಂತೋಷವಾಗಿತ್ತು. ಅವರು ಸಾಕಷ್ಟು ಮುಂದೆ ಹೋಗಲೆಂದು ಅಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ಕಾದಳು. ನೆತ್ತಿ ತಲುಪಿದಾಗ ಡೇರೆಯ ಮುಂದೆ ಕೊನೆಯ ಕೆಲವರು ಬಿಸಿ ಸೂಪು ಕುಡಿದು ಇಳಿಜಾರಿಗೆ ಸಜ್ಜಾಗುತ್ತಿದ್ದರು. ಹಳದಿ ಅಂಗಿ ಆಗಲೇ ಇಳಿದಿರಬೇಕು. ಆಕೆ ವೈರ್‌ಲೆಸ್ ಎತ್ತಿ, "ದಾರಿ ಖಾಲಿ" ಎಂದಳು. ಬುಡದಿಂದ ಉತ್ತರ ಬಂತು: "ಗೇಟು ತೆಗೆದೆವು."

ಸವಾರಿ ನಡೆಸುವ ಸಂಘದ ಕಾರ್ಯದರ್ಶಿ ವೃತ್ತಿಯಲ್ಲಿ ಔಷಧಿ ಅಂಗಡಿಯವರು, ಯಾವ ಸಂಕಟಕ್ಕೂ ಒಂದು ಗುಳಿಗೆ ಇದ್ದೇ ಇರುತ್ತದೆಂದು ನಂಬಿದವರು. ನೆತ್ತಿಯಲ್ಲಿ ದಾಟಿದವರನ್ನು ಎಣಿಸುವ ಹೊಣೆ ಅವರದು. ಅವರು ಡೇರೆಯಿಂದ ತಲೆ ಹೊರಹಾಕಿ, "ವ್ಯಾನಿನಲ್ಲಿ ಎಷ್ಟು ಜನ?" ಎಂದು ಕೇಳಿದರು.

"ಒಬ್ಬರು."

"ಇಬ್ಬರಿರಬೇಕಲ್ಲ. ನಿಮ್ಮ ಭಾವ?"

"ಮೇಲೆ ಬಂದರಲ್ಲ."

"ಇಲ್ಲಮ್ಮ. ಹಳದಿ ಅಂಗಿ ನನ್ನ ಮುಂದೆ ದಾಟಿಲ್ಲ. ಅವರನ್ನ ಬಿಟ್ಟು ಉಳಿದ ಲೆಕ್ಕ ಸರಿ ಇದೆ."

ಉಪ್ಪಿನ ಡಬ್ಬಿ, ಚಮಚ, ಕೈ ತೊಳೆಯದೆ ಕೂತಿದ್ದ ಭಾವ. ಎಲ್ಲವೂ ಆಕೆಗೆ ಒಟ್ಟಿಗೆ ಅರ್ಥವಾದವು. ಒದ್ದೆ ಮರಳಿನ ಮೇಲಿನ ಆ ಗೆರೆ ಸೈಕಲಿನದು. ಕೈಗಾಡಿಯಾಗಿದ್ದರೆ ಅದನ್ನು ನಿಲ್ಲಿಸುವ ಕಾಲುಗಳನ್ನು ಊರಿದ ಗುರುತೂ ಇರುತ್ತಿತ್ತು.

"ಗೇಟು ಹಾಕಿಸಿ" ಎಂದಳು.

ಕಾರ್ಯದರ್ಶಿ ವೈರ್‌ಲೆಸ್‌ನಲ್ಲಿ ಕೇಳಿದರು. ಗೇಟು ಹಾಕಬಹುದಿತ್ತು, ಆದರೆ ಮೊದಲ ಸಾಲಿನ ಲಾರಿಗಳು ಹೊರಟುಹೋಗಿದ್ದವು. ಬೆಳಗಿನಿಂದ ಕಾದವರು, ಮಂಜು, ಕತ್ತಲಾಗುವ ಮೊದಲು ಘಟ್ಟ ದಾಟಬೇಕೆಂಬ ಆತುರ. ಏರಿನಲ್ಲಿ ಮೊಬೈಲಿಗೆ ಉಸಿರಿಲ್ಲ. "ಆಚೆಯಿಂದ ಜೀಪು ತರಿಸ್ತೀನಿ. ಗಾಬರಿ ಬೇಡ. ಎಲ್ಲೋ ಕೂತು ದಣಿವು ಆರಿಸಿಕೊಳ್ತಿರಬಹುದು" ಎಂದರು ಕಾರ್ಯದರ್ಶಿ. "ಪೊರಕೆ ವ್ಯಾನು ಹಿಂದಕ್ಕೆ ಹೋಗೋ ಹಾಗಿಲ್ಲ, ನಿಮಗೇ ಗೊತ್ತು."

"ನನ್ನ ಹಿಂದೆ ಒಬ್ಬರಿದ್ದಾರೆ" ಎಂದು ಆಕೆ ವ್ಯಾನು ತಿರುಗಿಸಿದಳು. ಗುಮಾಸ್ತನಿಗೆ, "ಇಳೀರಿ, ಜೀಪಿನಲ್ಲಿ ಬನ್ನಿ" ಎಂದಳು.

ಅವನು ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. "ಇಳಿಯೋಕೆ ಕಾಲು ಬೇಕಲ್ಲ ಮೇಡಂ. ನಡೀರಿ."

ಕೆಳಮುಖವಾಗಿ, ಎಲ್ಲ ದೀಪಗಳನ್ನೂ ಉರಿಸಿಕೊಂಡು, ತಿರುವು ತಿರುವಿಗೂ ಹಾರ್ನು ಒತ್ತುತ್ತ ಇಳಿದಳು. ಮೊದಲ ಲಾರಿ ಕಲ್ಲುಗೋಡೆಯ ಹತ್ತಿರ ಎದುರಾಯಿತು. ಡ್ರೈವರನು ಕಿಟಕಿಯಿಂದ ಕೈ ಹೊರಹಾಕಿ, "ಏನಮ್ಮ, ದಾರಿ ಖಾಲಿ ಅಂದ್ರು, ನೀವೇ ಅಡ್ಡ ಬರ್ತೀರಾ?" ಎಂದು ಕೂಗಿದ. ಆಕೆ ಬಂಡೆಗೆ ಕನ್ನಡಿ ತಾಗುವಷ್ಟು ಸರಿದು ಜಾಗ ಬಿಟ್ಟಳು. ಅದರ ಎರಡು ತಿರುವು ಕೆಳಗೆ ಭಾವ ಸಿಕ್ಕರು.

ಅವರು ಸೈಕಲನ್ನು ಬಂಡೆಗೆ ಆನಿಸಿ, ಅದರ ಹಿಂದೆ ತಾವು ಆನಿಕೊಂಡು ನಿಂತಿದ್ದರು. ಹಳದಿ ಅಂಗಿಯ ಎಡ ತೋಳು ಭುಜದಿಂದ ಮೊಣಕೈವರೆಗೆ ಹರಿದಿತ್ತು, ಚರ್ಮ ತರಚಿತ್ತು. ಲಾರಿ ಅವರನ್ನು ಮುಟ್ಟಿರಲಿಲ್ಲ. ಅದಕ್ಕೆ ದಾರಿ ಬಿಡಲು ಹೋಗಿ ಬಂಡೆಗೆ ಉಜ್ಜಿಕೊಂಡಿದ್ದರು. ಅವರ ತುಟಿ ನೀಲಿಯಾಗಿತ್ತು. ಆಕೆ ಕಿಟಕಿ ಇಳಿಸಿದಳು.

"ಶೆಡ್ಡಿನ ಹಿಂದೆ ಇದ್ರಾ?"

"ಹೂಂ."

"ನಾನು ಹೋಗೋದನ್ನ ನೋಡಿದ್ರಾ?"

"ತಗಡಿನ ಸಂದಿಯಿಂದ." ಅವರ ಹಲ್ಲು ಕಟಕಟಿಸುತ್ತಿತ್ತು. "ನೀನು ನನ್ನ ನೋಡಿಲ್ಲ ಅಂದ್ರೆ ಹಿಡಿದ ಹಾಗಲ್ಲ. ನಿಧಾನವಾಗಿ ಹಿಂದಿನಿಂದ ಬಂದುಬಿಡೋಣ ಅಂತಿದ್ದೆ. ಯಾರಿಗೂ ತೊಂದರೆ ಇರಲಿಲ್ಲ."

"ಮೇಲೆ ಹೋಗಿ ದಾರಿ ಖಾಲಿ ಅಂತ ಹೇಳಿದೆ ಭಾವ. ನನ್ನ ಬಾಯಿಂದ. ಅದಕ್ಕೇ ಗೇಟು ತೆಗೆದ್ರು."

ಅವರು ಆಕೆಯ ಮುಖವನ್ನೇ ನೋಡಿದರು. ಆಕೆ ಎಲ್ಲೆಲ್ಲಿ ನಿಲ್ಲುತ್ತಾಳೆಂಬುದನ್ನು ಅವರು ವಿವರವಾಗಿ ಕೇಳಿ ತಿಳಿದಿದ್ದರು. ನೆತ್ತಿಯಲ್ಲಿ ನಿಂತು ಏನು ಹೇಳುತ್ತಾಳೆಂದು ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಎರಡನೇ ಲಾರಿ ಬಂತು. ಆಕೆ ವ್ಯಾನನ್ನು ರಸ್ತೆಗೆ ಅಡ್ಡವಾಗಿ ತಂದು ಅವರ ಮುಂದೆ ಗೋಡೆಯಂತೆ ನಿಲ್ಲಿಸಿದಳು. ಲಾರಿ ನಿಂತಿತು, ಅದರ ಹಿಂದೆ ಇನ್ನೊಂದು ನಿಂತಿತು.

"ಹತ್ತಿ."

"ಇಲ್ಲ ಪುಟ್ಟಿ." ಧ್ವನಿ ಬೇಡಿಕೊಳ್ಳುವಂತಿತ್ತು. "ಇಷ್ಟು ಬಂದಿದ್ದೀನಿ. ಇದೊಂದು ದಾಟಿಬಿಟ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ. ನಿನ್ನ ವ್ಯಾನಿನಲ್ಲಿ ಮೂರನೇ ಸಲ ಬೀದಿಗೆ ಬರೋಕೆ ನನ್ನಿಂದ ಆಗಲ್ಲ."

ಆಕೆ ಹಿಂದಿನ ಲಾರಿಗಳನ್ನು ನೋಡಿದಳು, ಮೇಲಿನ ಮಂಜನ್ನು ನೋಡಿದಳು. ಕರುಣೆಯಿಂದ ಒಪ್ಪಿದಳೆಂದು ಹೇಳುವುದು ಕಷ್ಟ. ಕೆಟ್ಟುಹೋದ ಒಂದು ಕ್ರಮವನ್ನು ಮತ್ತೆ ನೆಟ್ಟಗೆ ನಿಲ್ಲಿಸುವಂತೆ ಇತ್ತು ಆಕೆಯ ಮಾತು: "ಸರಿ. ನನ್ನ ಮುಂದೆ ಇರಿ. ದೀಪದ ಬೆಳಕಿನಿಂದ ಒಂದು ಮಾರು ಆಚೆ ಹೋದ್ರೂ ಇಳಿದು ನಿಮ್ಮನ್ನೂ ಸೈಕಲನ್ನೂ ಎತ್ತಿ ಒಳಗೆ ಹಾಕ್ತೀನಿ. ಲಾಂಡ್ರಿಯಲ್ಲಿ ಒದ್ದೆ ಕಂಬಳಿ ಎತ್ತೋಳು ನಾನು."

ಭಾವ ಏರಿ ತುಳಿದರು. ಆಕೆ ವ್ಯಾನಿನ ಮೂತಿಯನ್ನು ಏರಿನ ಕಡೆಗೆ ತಿರುಗಿಸಿ, ಮೊದಲನೇ ಗೇರಿಗೆ ಹಾಕಿ ಅವರ ಹಿಂದೆ ಹೊರಟಳು. ಈ ಸಲ ನಿಲ್ಲಿಸಿ ಕಾಯುವಂತಿರಲಿಲ್ಲ. ಬಿಟ್ಟ ಅಂತರದಲ್ಲಿ ಯಾವುದಾದರೂ ಲಾರಿ ನುಗ್ಗಬಹುದು. ಇಂಜಿನ್ನು ಗೊರಗೊರ ಎನ್ನುತ್ತಿತ್ತು, ಅದರ ಹಿಂದೆ ಲಾರಿಗಳ ಇಂಜಿನ್ನು, ಆಗಾಗ ತಾಳ್ಮೆಗೆಟ್ಟ ಹಾರ್ನು. ಎಲ್ಲ ಸದ್ದೂ ಬಂಡೆಗೆ ಬಡಿದು ಇಮ್ಮಡಿಯಾಗಿ ಮುಂದಿನ ಒಂಟಿ ಬೆನ್ನಿನ ಮೇಲೆ ಬೀಳುತ್ತಿತ್ತು.

"ನಮ್ಮ ಬ್ಯಾಂಕಿನ ಸಾಲೇ ಇದಕ್ಕಿಂತ ಬೇಗ ಓಡುತ್ತೆ" ಎಂದ ಗುಮಾಸ್ತ. ಮುಂದಿನ ಗಾಜಿನ ಆಚೆ ಹರಿದ ಹಳದಿ ತೋಳು ಪ್ರತಿ ತುಳಿತಕ್ಕೂ ಬೀಸುತ್ತಿತ್ತು. ಭಾವ ತಲೆ ತಗ್ಗಿಸಿದ್ದವರು ಒಮ್ಮೆ ಹಿಂದೆ ನೋಡಿದರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ನೋಡಿದರು. ಶೆಡ್ಡಿನವರೆಗೆ ಕತ್ತು ತಿರುಗಿಸದೆ ಬಂದಿದ್ದವರು ಅವರು. ಆಕೆಗೆ ಮುಂದಿನದು ಗೊತ್ತಾಯಿತು. ಕ್ಲಚ್ಚನ್ನು ಒತ್ತಿ ಸದ್ದು ಕಡಿಮೆ ಮಾಡಲು ನೋಡಿದಳು. ವ್ಯಾನು ಹಿಂದಕ್ಕೆ ಜಾರಿತು, ಹಿಂದಿನ ಲಾರಿ ಹಾರ್ನು ಹೊಡೆಯಿತು, ಮತ್ತೆ ಗೇರಿಗೆ ಹಾಕಬೇಕಾಯಿತು.

ನೆತ್ತಿಗೆ ಮೂರು ತಿರುವು ಇರುವಾಗ ಭಾವ ಇಳಿದರು. ಬೀಳಲಿಲ್ಲ, ತೂರಾಡಲಿಲ್ಲ. ಸೈಕಲನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಅದರ ಸೀಟಿನ ಮೇಲೆ ಕೈಯಿಟ್ಟು ನಿಂತರು. ಆಕೆ ಇಳಿದು ಹೋಗಿ ಸೈಕಲನ್ನು ತಾನೇ ಎತ್ತಿ ಹಿಂದಿನ ಕೊಕ್ಕೆಗೆ ಸಿಕ್ಕಿಸಿದಳು. ಭಾವ ಹತ್ತಿ ಗುಮಾಸ್ತನ ಪಕ್ಕ ಕೂತರು. ಆಕೆ ಟವೆಲು ಕೊಟ್ಟಳು.

ಎರಡು ತಿರುವು ಯಾರೂ ಮಾತಾಡಲಿಲ್ಲ. ಮೂರನೆಯದರಲ್ಲಿ ಭಾವ ಹೇಳಿದರು: "ಕಾಲಿನಲ್ಲಿ ಇತ್ತು ಪುಟ್ಟಿ. ಆ ಸದ್ದು..."

"ಗೊತ್ತು" ಎಂದಳು ಆಕೆ.

ಮನೆಯಲ್ಲಿ ಅಕ್ಕ ಗಂಡನ ತೋಳಿಗೆ ಔಷಧಿ ಹಚ್ಚುತ್ತ ಇಬ್ಬರನ್ನೂ ಬೈದಳು; ಆದರೆ ಪಾಲು ಸಮನಾಗಿರಲಿಲ್ಲ. "ಇವರಿಗಂತೂ ಬುದ್ಧಿ ಇಲ್ಲ ಅಂತ ಮದುವೆ ಆದ ವಾರಕ್ಕೇ ಗೊತ್ತಾಗಿತ್ತು. ನಿನಗೇನಾಗಿತ್ತೇ? ಎಲ್ಲಿ ನಿಲ್ತೀನಿ, ಎಲ್ಲಿ ಹೋಗ್ತೀನಿ ಅಂತ ಊಟದ ಮೇಜಿನ ಮೇಲೆ ನಕ್ಷೆ ಹಾಕಿಕೊಡೋದಾ?"

"ಕೇಳಿದ್ರು, ಹೇಳಿದೆ."

"ಕೇಳಿದವರಿಗೆಲ್ಲ ಹೇಳ್ತಾರಾ?"

"ಬೇರೆ ಯಾರೂ ಕೇಳಿಲ್ಲಕ್ಕ ಇಲ್ಲಿವರೆಗೆ" ಎಂದು ಆಕೆ ಮಹಡಿ ಹತ್ತಿದಳು. ಭಾವ ಗಾಜಿನ ಅಂಚು ನೋಡುವವರ ಹಾಗೆ ತೋಳಿನ ತರಚಿದ ಜಾಗವನ್ನು ನೋಡುತ್ತ ಕೂತಿದ್ದರು. ಮೂರನೇ ಸಲದ ಮೆರವಣಿಗೆಯ ಬಗ್ಗೆ ಬೀದಿಯಲ್ಲಿ ಯಾರೂ ಜೋಕು ಮಾಡಲಿಲ್ಲ. ಲಾರಿಯ ಸಂಗತಿ ಆಗಲೇ ಹರಡಿತ್ತು. ಜನ ಅವರೆದುರು ಮೆಲ್ಲಗೆ ಮಾತಾಡುತ್ತಿದ್ದರು, ಅದು ಅವರಿಗೆ ಜೋಕಿಗಿಂತ ಭಾರವಾಯಿತೆಂದು ಅಕ್ಕ ಆಮೇಲೆ ಹೇಳಿದಳು. ಅವರು ಈಗಲೂ ಅಂಗಡಿಗೆ ಸೈಕಲಿನಲ್ಲೇ ಹೋಗುತ್ತಾರೆ. ಘಟ್ಟದ ಮಾತು ಎತ್ತುವುದಿಲ್ಲ.

ಸಂಘದ ಸಭೆ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಡೆಯಿತು. ಅದಕ್ಕೆ ಮೊದಲೇ ಕಾರ್ಯದರ್ಶಿ ಆಕೆಯನ್ನು ಪಕ್ಕಕ್ಕೆ ಕರೆದು ಒಂದು ಗುಳಿಗೆ ಕೊಟ್ಟುನೋಡಿದ್ದರು: "ಎಣಿಕೆಯಲ್ಲಿ ನನ್ನದೇ ತಪ್ಪಾಯ್ತು ಅಂದ್ಬಿಡ್ತೀನಮ್ಮ. ಮಂಜು ಇತ್ತು, ಯಾರೂ ಕೇಳಲ್ಲ."

ಆಕೆ ಸಭೆಯಲ್ಲಿ ಎದ್ದು ನಿಂತು, "ನಾನು ಒಬ್ಬರನ್ನ ಹಿಂದೆ ಬಿಟ್ಟು ದಾರಿ ಖಾಲಿ ಅಂದೆ" ಎಂದಳು. ಹೇಗೆ ಬಿಟ್ಟೆ ಎಂಬುದನ್ನೂ ಹೇಳಿದಳು. ನಿಲ್ಲಿಸಿ ಕಾಯುವ ಕ್ರಮ, ಅದರ ಕಾರಣ. ಭಾವ ಶೆಡ್ಡಿನ ಹಿಂದೆ ಯಾಕೆ ನಿಂತರು ಎಂಬುದನ್ನು ಮಾತ್ರ ಹೇಳಲಿಲ್ಲ, ಅದನ್ನು ಅವರೇ ಹೇಳಬೇಕು ಎಂದಳು. ಕೋಣೆಯಲ್ಲಿದ್ದ ಹಳೆಯ ಸವಾರರಿಗೆ ತಾವು ಇಷ್ಟು ವರ್ಷ ಸದ್ದಿಲ್ಲದ ಘಟ್ಟ ಹತ್ತಿದ್ದು ಯಾರ ದಯೆಯಿಂದ ಎಂದು ಗೊತ್ತಾದದ್ದು ಅಂದು. ಒಬ್ಬರು, ಅದೇ ಮಾಸ್ತರರು, ಆ ಕ್ರಮ ಮುಂದುವರಿಯಲಿ, ಜೊತೆಗೆ ಇನ್ನೊಂದು ಕಾವಲು ಗಾಡಿ ಇರಲಿ ಎಂದರು. ಇನ್ನೊಂದು ಗಾಡಿ ಎಲ್ಲಿಂದ ತರುವುದೆಂದು ಯಾರಿಗೂ ತೋಚಲಿಲ್ಲ. ಕೊನೆಗೆ ಹೊಸ ನಿಯಮ ಬಂತು: ಪೊರಕೆ ವ್ಯಾನು ಕೊನೆಯ ಸವಾರನನ್ನು ಒಂದು ಕ್ಷಣವೂ ಕಣ್ಣಿಂದ ಬಿಡಬಾರದು. "ನೀವೇ ಓಡಿಸ್ತೀರಿ ತಾನೇ?" ಎಂದು ಕಾರ್ಯದರ್ಶಿ ಕೇಳಿದರು. ಆಕೆ ತುಸು ಯೋಚಿಸಿ, "ಓಡಿಸ್ತೀನಿ" ಎಂದಳು.

ಮರುವರ್ಷ ಅಜ್ಜನ ಏರಿನಲ್ಲಿ ಕೊನೆಗೆ ಉಳಿದವಳು ಹೂವಿನಂಗಡಿಯ ಹೆಂಗಸು. ಮೊದಲ ಸಲ ಬಂದವಳು, ದಪ್ಪನೆಯ ಜಡೆಯನ್ನು ಅಂಗಿಯೊಳಗೆ ಸೇರಿಸಿಕೊಂಡಿದ್ದಳು. ವ್ಯಾನು ಸೇತುವೆಯಲ್ಲಿ ನಿಲ್ಲಲಿಲ್ಲ, ನೀರಿನ ತೊಟ್ಟಿಯಲ್ಲಿ ನಿಲ್ಲಲಿಲ್ಲ. ತಿರುವಿನಿಂದ ತಿರುವಿಗೆ ಮೊದಲನೇ ಗೇರಿನಲ್ಲಿ, ಹತ್ತು ಮಾರು ಹಿಂದೆ. ಹೂವಿನವಳು ಕೈಯಿಂದ ಹಿಂದಕ್ಕೆ ಹೋಗುವಂತೆ ಸನ್ನೆ ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ, "ಸ್ವಲ್ಪ ದೂರ ಇರ್ತೀರಾ?" ಎಂದು ಕೂಗಿದಳು. ಆಕೆ ಕಿಟಕಿಯಿಂದ ತಲೆ ಹೊರಹಾಕಿ, "ಆಗಲ್ಲಮ್ಮ" ಎಂದಳು.

ಶೆಡ್ಡು ದಾಟಿದ ಮೇಲೆ ಹೂವಿನವಳು ಇಳಿದಳು. ಕಾಲುಗಳು ನಡುಗುತ್ತಿರಲಿಲ್ಲ. ಆಕೆ ಅದನ್ನು ನೋಡಿದಳು. ವ್ಯಾನಿನೊಳಗೆ ಟವೆಲು ಹೊದ್ದು, ಎರಡು ತಿರುವು ಕಳೆದ ಮೇಲೆ ಹೂವಿನವಳು ಹೇಳಿದಳು: "ನೀವು ಬರೋದೇ ಗೊತ್ತಾಗಲ್ಲ, ಅಷ್ಟು ಮೆತ್ತಗೆ ಬರ್ತೀರಿ ಅಂತ ಎಲ್ಲರೂ ಹೇಳಿದ್ರು."

"ಹಾಗೇ ಬರ್ತಿದ್ದೆ" ಎಂದಳು ಆಕೆ. ನೆತ್ತಿ ಹತ್ತಿರವಾಗುತ್ತಿತ್ತು. ಆಕೆ ವೈರ್‌ಲೆಸ್ ಎತ್ತುವ ಮೊದಲು ವ್ಯಾನು ನಿಲ್ಲಿಸಿ ಕೆಳಗಿಳಿದು, ಹಿಂದಿನ ಖಾಲಿ ರಸ್ತೆಯನ್ನು ಬಹಳ ಹೊತ್ತು ನೋಡಿದಳು.